ಗಗನಾಳ ವಾಸ್ತವ್ಯದ ಫೈಲು

ದಿಲ್ಲಿಯ ನಮ್ಮ ಆರ್.ಕೆ. ಪುರಂ ಕ್ವಾರ್ಟರ್ಸಿನಲ್ಲಿ ಬಸವಲಿಂಗಪ್ಪನವರಷ್ಟು ಸಜ್ಜನರು ಇನ್ನೊಬ್ಬರಿಲ್ಲ. ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ತಪ್ಪು ನಿರ್ಧಾರ ತೆಗೆದುಕೊಂಡವರಲ್ಲ. ನಿರ್ಧಾರವನ್ನೇ ತೆಗೆದುಕೊಂಡವರಲ್ಲ ಅನ್ನುವುದು ಬೇರೆ ಮಾತು.

೨೦೦೬ರ ಮಳೆಗಾಲದಲ್ಲಿ ಅವರ ಕಿರಿಯ ತಮ್ಮ ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡ. ಅವನ ಹೆಂಡತಿ ಮೊದಲೇ ಹೋಗಿದ್ದಳು. ಉಳಿದವಳು ಒಂಬತ್ತು ವರ್ಷದ ಗಗನಾ. ಹದಿನೈದು ದಿನದೊಳಗೆ ಬಂಧುಗಳು ಯಾರಾದರೂ ಜವಾಬ್ದಾರಿ ಬರೆದುಕೊಡಬೇಕು, ಇಲ್ಲವಾದರೆ ಮಗುವನ್ನು ಬಾಲಮಂದಿರಕ್ಕೆ ಕಳಿಸುತ್ತೇವೆ ಎಂದರು ಮಕ್ಕಳ ಕಲ್ಯಾಣ ಸಮಿತಿಯವರು.

"ನಾವೆಲ್ಲ ಬದುಕಿರುವಾಗ ಬಾಲಮಂದಿರವೇ? ಛೇ ಛೇ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಬಸವಲಿಂಗಪ್ಪನವರೇ. ಕೂಗಿ, ಮನೆಗೆ ಬಂದು, ಒಂದು ಫೈಲು ತೆರೆದರು. ಪಕ್ಕದ ಮನೆಯವನಾದ ನಾನು ಕಣ್ಣಾರೆ ಕಂಡೆ: ಹಸಿರು ಹಾಳೆ, ನೀಟಾದ ಮಾರ್ಜಿನ್, "ವಿಷಯ: ಕುಮಾರಿ ಗಗನಾಳ ವಾಸ್ತವ್ಯ." ಅದನ್ನು ಒಡಹುಟ್ಟಿದವರ ಅಭಿಪ್ರಾಯಕ್ಕೆ ಕಳಿಸಿದರು.

ಹೌಜ್ ಖಾಸ್‌ನಲ್ಲಿ ಪ್ರೊಫೆಸರಾಗಿದ್ದ ತಮ್ಮ ಮಲ್ಲಿಕಾರ್ಜುನ ಬರೆದ: "ತಾತ್ವಿಕವಾಗಿ ಒಪ್ಪಿಗೆ. ಆದರೆ ನಮ್ಮ ಧನುಷ್‌ಗೆ ಈ ವರ್ಷ ಎಂಟ್ರೆನ್ಸ್. ವಾಸಂತಿಯ ಅಭಿಪ್ರಾಯ ಪಡೆಯಬಹುದು." ಕರೋಲ್ ಬಾಗ್‌ನ ತಂಗಿ ವಾಸಂತಿ ಬರೆದಳು: "ಗಗನಾ ಅಂದರೆ ನನಗೆ ಪ್ರಾಣ. ಮನೆಯಲ್ಲಿ ಅತ್ತೆಯವರಿದ್ದಾರೆ. ದೊಡ್ಡಣ್ಣ ಹೇಳಿದ ಹಾಗೆ." ದೊಡ್ಡಣ್ಣ ಬಸವಲಿಂಗಪ್ಪನವರು "ನೋಡಲಾಗಿದೆ" ಎಂದು ಸಹಿ ಹಾಕಿ ಮತ್ತೆ ಹೌಜ್ ಖಾಸ್‌ಗೆ ಕಳಿಸಿದರು. ಫೈಲಿನ ಹಿಂದೆಯೇ ಹುಡುಗಿಯೂ ಹೋಗುತ್ತಿದ್ದಳು, ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವರ ಮನೆಯ ಚಹಾ ಕುಡಿದು ಸುಮ್ಮನಿದ್ದೆ, ನಾನೂ ಅಂಥವನೇ.

ಹದಿನೈದನೆಯ ದಿನ ಸಮಿತಿಯ ಎದುರು ಎಲ್ಲರೂ ಸೇರಿದೆವು. ಬಸವಲಿಂಗಪ್ಪನವರು ಫೈಲನ್ನು ಎರಡೂ ಕೈಯಲ್ಲಿ ಹಿಡಿದು, "ವಿಷಯ ಪರಿಶೀಲನೆಯಲ್ಲಿದೆ, ಮೇಡಂ. ಇನ್ನೊಂದು ತಿಂಗಳು ಬೇಕು" ಎಂದರು.

"ಹಾಗಾದರೆ ಮಗುವನ್ನು ಇವತ್ತೇ ಬಾಲಮಂದಿರಕ್ಕೆ ಕಳಿಸುತ್ತೇವೆ" ಎಂದರು ಸಮಿತಿಯ ಅಧ್ಯಕ್ಷೆ ಮೇಡಂ.

ಆಗ ಬಸವಲಿಂಗಪ್ಪನವರ ಹೆಂಡತಿ ವಿಮಲಾ ಎದ್ದು ನಿಂತರು. "ರೀ, ನಿಮ್ಮ ಫೈಲು ದಿಲ್ಲಿ ಪೂರ್ತಿ ಸುತ್ತಿತು. ಮಗೂಗೆ ಅನ್ನ ಹಾಕೋಳು ನಾನು, ನನ್ನ ಹತ್ತಿರ ಮಾತ್ರ ಬರಲಿಲ್ಲ. ಮೇಡಂ, ಸಹಿ ಎಲ್ಲಿ ಹಾಕ್ಬೇಕು ಹೇಳಿ."

ಹಾಕಿಯೇಬಿಟ್ಟರು. ಸಮಿತಿಯವರು ಗಂಡನ ಸಹಿಯೂ ಬೇಕೆಂದಾಗ ಬಸವಲಿಂಗಪ್ಪನವರು ಬೆವರೊರೆಸಿಕೊಂಡು ಕೆಳಗೆ ತಮ್ಮದನ್ನೂ ಹಾಕಿದರು.

ಸಂಜೆ ಅವರ ಮನೆಯಲ್ಲಿ ಮತ್ತೆ ಚಹಾ. "ನೋಡಿ, ಕೊನೆಗೂ ಸರಿಯಾದ ನಿರ್ಧಾರ ಮಾಡಿದೆವು" ಎಂದು ಅವರು ನನಗೆ ಹೇಳುತ್ತಿದ್ದಾಗ ಗಗನಾ ಬಾಗಿಲಲ್ಲಿ ಬಂದು ನಿಂತಳು.

"ದೊಡ್ಡಪ್ಪಾ, ಬ್ಯಾಗ್ ಬಿಚ್ಚಲಾ? ಇಲ್ಲಾಂದ್ರೆ ಇಲ್ಲೂ ಸಿರ್ಫ್ ಮೂರೇ ದಿನಾನಾ?"

ಬಸವಲಿಂಗಪ್ಪನವರು ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಿದರು. ನನ್ನ ಮುಖವನ್ನೂ ನೋಡಿದರು. ಆಮೇಲೆ ಯಾರನ್ನೂ ಏನನ್ನೂ ಕೇಳದೆ ಎದ್ದು ಹೋಗಿ, ತಾವೇ ಬ್ಯಾಗಿನ ಜಿಪ್ ಎಳೆದರು.