ಚಪ್ಪಲಿಯಡಿಯ ಧನಿಯ

ಬ್ಯಾಂಕುಗಳು ಮುಳುಗಿದ ವರ್ಷ ನನ್ನ ಕೆಲಸವೂ ಹೋಯಿತು. ಸುಮ್ಮನೆ ಕೂರಲಾಗದೆ ಅಮೆರಿಕದ ಜರ್ಸಿ ಸಿಟಿಯಲ್ಲಿ, ಸುತ್ತಲಿನವರು ಪಾತಿ ಹಂಚಿಕೊಂಡು ಬೆಳೆಯುವ ಕಮ್ಯುನಿಟಿ ಗಾರ್ಡನ್‌ನಲ್ಲಿ ಯಾರಿಗೂ ಬೇಡವಾಗಿದ್ದ ಒಂದು ತುಂಡು ಜಾಗ ಹಿಡಿದೆ. ವಾರವಿಡೀ ಸೊಂಟದೆತ್ತರದ ಕಳೆ ಕಿತ್ತೆ. ಆಮೇಲೆ ಅಮ್ಮ ಮಾಡುತ್ತಿದ್ದ ಹಾಗೆ, ಅಡುಗೆಗೆ ತಂದಿದ್ದ ಧನಿಯವನ್ನು ಕಲ್ಲಿನ ಮೇಲೆ ಹರಡಿ, ಹೋಳಾಗಲಿ ಅಂತ ಚಪ್ಪಲಿಕಾಲಲ್ಲಿ ಉಜ್ಜತೊಡಗಿದೆ.

ಪಕ್ಕದ ಪಾತಿಯ ಇಟಾಲಿಯನ್ ಅಜ್ಜಿ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಕೆಲಸ ಹೋಯ್ತಾ?"

"ಹೌದು, ನಿಮಗೆ ಹೇಗೆ ಗೊತ್ತಾಯ್ತು?"

"ಕೆಲಸ ಹೋದಾಗ ನನ್ನ ಗಂಡನೂ ಹೀಗೇ ಕಾಲಿಗೆ ಸಿಕ್ಕಿದ್ದನ್ನೆಲ್ಲ ತುಳೀತಿದ್ದ."

ಬೀಜ ಒಡೆದು ಬಿತ್ತಿದರೆ ಬೇಗ ಹುಟ್ಟುತ್ತೆ ಅಂತ ಎಷ್ಟು ಹೇಳಿದರೂ ಅಜ್ಜಿ ಅಯ್ಯೋ ಪಾಪ ಅನ್ನೋ ಹಾಗೆ ತಲೆಯಾಡಿಸಿದರು.

ಮೂರನೇ ವಾರ ಪಾತಿ ತುಂಬ ಕೊತ್ತಂಬರಿ ಎದ್ದಿತು. ಅಜ್ಜಿ ಅದನ್ನೇ ತುಂಬ ಹೊತ್ತು ನೋಡುತ್ತಾ ನಿಂತರು.

"ನನ್ನ ಗಂಡನ ಕಾಲಡಿಗೂ ಒಂದು ಹಿಡಿ ಬೀಜ ಹಾಕಬೇಕಿತ್ತು ನಾನು," ಅಂದರು.