ಕೊನೆಯ ಚೌಕದ ತೇಪೆ

ಕೊರೊನಾ ಕಳೆದ ಮರುವರ್ಷ. ಚಿತ್ರದುರ್ಗದ ಒಂದು ಸಣ್ಣ ಮುದ್ರಣಾಲಯದಲ್ಲಿ ನಾನು ಲೆಟರಿಂಗ್ ಕೆಲಸದಲ್ಲಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ. ಲೆಟರಿಂಗ್ ಎಂದರೆ ಕಾಮಿಕ್ ಪುಸ್ತಕದಲ್ಲಿ ಪಾತ್ರಗಳ ಬಾಯಿಂದ ಹೊರಡುವ ಬಲೂನುಗಳೊಳಗೆ ಮಾತು ಬರೆಯುವುದು. ಕಂಪ್ಯೂಟರಿನ ಅಕ್ಷರಕ್ಕೆ ಜೀವ ಇರುವುದಿಲ್ಲ ಎನ್ನುವುದು ನಮ್ಮ ಮಾಲೀಕರ ಹಟ. ಆ ಹಟದಿಂದಲೇ ನನ್ನ ಅನ್ನ ನಡೆಯುತ್ತಿತ್ತು. ಬಲೂನು ಎಷ್ಟು ಅಗಲ, ಮಾತು ಎಷ್ಟು ಉದ್ದ, ಇಷ್ಟೇ ನನ್ನ ಲಕ್ಷ್ಯ. ಚಿತ್ರದಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ನನಗಿರಲಿಲ್ಲ.

ನಮ್ಮ ಮಾಸಿಕದ ನಾಯಕ ಗಾಳಿಮಲ್ಲ. ಗುಡ್ಡದ ಮೇಲಿನ ಗಾಳಿಯಂತ್ರದಿಂದ ಜಾರಿದ ಮೆಕ್ಯಾನಿಕ್ಕು ಅವನು. ನೆಲ ಮುಟ್ಟುವ ಮೊದಲೇ ಗಾಳಿ ಅವನನ್ನು ಎತ್ತಿಕೊಂಡಿತು, ಅಂದಿನಿಂದ ಹೆದ್ದಾರಿ ಕಾಯುವ ವೀರನಾದ. ಪ್ರತಿ ಸಂಚಿಕೆಯಲ್ಲೂ ಒಂದು ಘೋರ ಅಪಘಾತ, ಅದರ ನಡುವೆ ಬಸ್ ಕಂಡಕ್ಟರ್ ರೇವತಿಯ ಜೊತೆ ಅವನ ಪ್ರೇಮ. ಕತೆಯೂ ಚಿತ್ರವೂ ಹೊಸದುರ್ಗದ ತಿಪ್ಪೇಶನದು. ಹೆಣ ಬೀಳದೆ ನಿನಗೆ ಪ್ರೀತಿ ಹುಟ್ಟುವುದೇ ಇಲ್ಲವೇನಪ್ಪ ಎಂದು ನಾನವನನ್ನು ರೇಗಿಸುತ್ತಿದ್ದೆ. ಮೂವತ್ತನೇ ಸಂಚಿಕೆ ಹಿರಿಯೂರಿನ ಹತ್ತಿರ ರೇವತಿಯ ಬಸ್ಸು ಮಗುಚುವಲ್ಲಿಗೆ ನಿಂತಿತ್ತು. ಮೂವತ್ತೊಂದರಲ್ಲಿ ಗಾಳಿಮಲ್ಲ ಎಲ್ಲರನ್ನೂ ಉಳಿಸುತ್ತಾನೆ, ರೇವತಿಯೊಬ್ಬಳನ್ನು ಬಿಟ್ಟು.

ಆ ಸಂಚಿಕೆಯ ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಪರೀಕ್ಷಾ ಪ್ರತಿ, ನನ್ನ ಮೇಜಿನ ಮೇಲಿದ್ದ ದಿನ ಬೆಳಿಗ್ಗೆ ತಾಳ್ಯದ ಗಂಗಮ್ಮ ಎಂಬ ಹೆಂಗಸು ಒಳಗೆ ಬಂದರು. ಕೈಯಲ್ಲಿ ನಮ್ಮ ಮೂವತ್ತನೇ ಸಂಚಿಕೆ. ಕುಂತ್ಕಳ್ರಿ ಎಂದರೂ ಕೂರಲಿಲ್ಲ.

ಅವರ ಮಗಳು ಲತಾ ಹನ್ನೆರಡು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಮದುವೆ ಗೊತ್ತಾಗಿದ್ದ ಮಂಜುನಾಥನ ಬೈಕಿನಲ್ಲಿ ಹೋಗುವಾಗ ಲಾರಿ ಬಡಿದಿತ್ತು. ಮಂಜುನಾಥ ಸ್ಥಳದಲ್ಲೇ ತೀರಿಕೊಂಡ. ಅವನು ದಾವಣಗೆರೆಯ ಐಸಿಯುನಲ್ಲಿದ್ದಾನೆ ಎಂದು ಮನೆಯವರು ಲತಾಳಿಗೆ ಸುಳ್ಳು ಹೇಳಿದ್ದರು. ಮುರಿದ ಅವಳ ಕಾಲಿಗೆ ಕೀವು ತುಂಬಿತ್ತು. ನಾಳೆಯೊಳಗೆ ಆಪರೇಷನ್ ಆಗದಿದ್ದರೆ ಕಾಲನ್ನೇ ತೆಗೆಯಬೇಕು, ಆಮೇಲೂ ಜೀವದ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಒಪ್ಪಿಗೆ ಪತ್ರಕ್ಕೆ ಅವಳದೇ ಸಹಿ ಬೇಕು. ಅವಳು ಹಾಕುತ್ತಿರಲಿಲ್ಲ.

"ಅವ್ನು, ಇವ್ಳು ಇಬ್ರೂ ಇದ್ನ ಓದ್ತಿದ್ರು ಕಣಮ್ಮ. ಈಗ ದೇವ್ರ ತಾವ ಹೂ ಕೇಳ್ದಂಗೆ ಇದ್ರ ಮುಂದಿನ್ ಪುಸ್ತಕ ಕೇಳ್ತಾ ಮಲಗ್ಯಾಳೆ. ರೇವತಿ ಉಳುದ್ರೆ ಮಂಜೂನೂ ಉಳೀತಾನೆ, ಆಗ ಸೈನ್ ಹಾಕ್ತೀನಿ ಅಂತಾಳೆ. ಆ ಹುಡ್ಗೀನ ಬದುಕಿಸ್ರಿ" ಎಂದರು ಗಂಗಮ್ಮ.

ದೇವರ ತಲೆಯ ಮೇಲಿನ ಹೂ ಬಲಕ್ಕೆ ಬಿದ್ದರೆ ಒಳಿತು, ಎಡಕ್ಕೆ ಬಿದ್ದರೆ ಕೇಡು. ನಮ್ಮ ಬಣ್ಣದ ಕಾಮಿಕ್ಕು ಆ ಗರ್ಭಗುಡಿಯಲ್ಲಿ ಹೋಗಿ ಕೂತಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ತಿಪ್ಪೇಶನಿಗೆ ಫೋನ್ ಮಾಡಿದೆ.

"ಚಿತ್ರ ಮುಗ್ದೈತೆ ಅಕ್ಕೋರೆ, ಹೊಸ್ದಾಗಿ ಬರಿಯಾಕೆ ಮೂರು ದಿನ ಬೇಕು. ಅಕ್ಷರ ನಿಮ್ ಕೈಯಾಗೈತೆ. ಏನಾರ ಮಾಡ್ರಿ" ಎಂದ.

ಸಾವಿನ ಸುದ್ದಿ ಇದ್ದದ್ದು ಕೊನೆಯ ಚೌಕದಲ್ಲಿ ಮಾತ್ರ. ಅಲ್ಲಿ ಡಾಕ್ಟರ ಬಲೂನಿನಲ್ಲಿ 'ಕ್ಷಮಿಸಿ, ಉಳಿಯಲಿಲ್ಲ' ಎಂದಿತ್ತು. ಅದೇ ಅಳತೆಗೆ ಬಿಳಿ ಕಾಗದ ಕತ್ತರಿಸಿ, 'ಉಳಿದಿದ್ದಾಳೆ, ಮಲಗಿದ್ದಾಳೆ' ಎಂದು ಬರೆದು ತೇಪೆ ಹಚ್ಚಿದೆ. ಗಾಳಿಮಲ್ಲನ ಅಳುವಿನ ಮೇಲೆ ಇನ್ನೊಂದು ತೇಪೆ: 'ರೇವತೀ, ನೀನು ಎದ್ದ ಮೇಲೆ ಮದುವೆ.' ಅಷ್ಟು ಅಂದವಾಗಿ ನಾನು ಸರ್ವೀಸಿನಲ್ಲೇ ಬರೆದಿರಲಿಲ್ಲ. ಜೆರಾಕ್ಸ್ ಮಾಡಿಸಿದರೆ ಬಣ್ಣ ಹೋಗುತ್ತದೆಂದು ಆ ಪ್ರೂಫನ್ನೇ ಹಿಡಿದು ಗಂಗಮ್ಮನ ಜೊತೆ ಆಟೋ ಹತ್ತಿದೆ.

ಲತಾ ಒಂದೊಂದೇ ಪುಟ ತಿರುವಿದಳು. ಜ್ವರದಲ್ಲಿ ತುಟಿ ಒಡೆದಿತ್ತು. ಕೊನೆಯ ಪುಟಕ್ಕೆ ಬಂದು, "ಉಳುದ್ಲು ನೋಡವ್ವ" ಎಂದಳು. ಗಂಗಮ್ಮ ಗೋಡೆಯ ಕಡೆ ತಿರುಗಿಕೊಂಡರು. ನಾನು ಒಪ್ಪಿಗೆ ಪತ್ರದ ಮೇಲೆ ನನ್ನ ಪೆನ್ ಇಟ್ಟು ಮುಂದೆ ಚಾಚಿದೆ. ಅವಳ ಕಣ್ಣು ಇನ್ನೂ ಪುಟದ ಮೇಲೇ ಇತ್ತು.

"ಆಂಟಿ, ಕಾಲು ನೋಡ್ರಿ."

ಆಗ ನಾನು ಮೊದಲ ಸಲ ಆ ಚಿತ್ರ ನೋಡಿದೆ. ಹೊದಿಕೆಯ ಹೊರಗೆ ರೇವತಿಯ ಎರಡು ಪಾದ. ಎರಡೂ ಹೆಬ್ಬೆರಳು ಸೇರಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿತ್ತು. ಹಾಗೆ ಕಟ್ಟುವುದು ಹೆಣದ ಕಾಲಿಗೆ ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ತಿಪ್ಪೇಶ ಶ್ರದ್ಧೆಯಿಂದ ಗಂಟನ್ನೂ ಬರೆದಿದ್ದ. ಆ ಪುಟವನ್ನು ನಾಲ್ಕು ಸಲ ತಿದ್ದಿದವಳು ನಾನು.

"ಬ್ಯಾಂಡೇಜು ಕಣಮ್ಮ" ಎಂದೆ. ಹೇಳಿ ನನಗೇ ಹೇಸಿಗೆಯಾಯಿತು.

ಲತಾ ಬಲೂನಿನ ಮೇಲೆ ಬೆರಳಾಡಿಸಿದಳು, ಉಗುರಿನಿಂದ ತೇಪೆಯ ಅಂಚು ಎಬ್ಬಿಸಿ ನಿಧಾನಕ್ಕೆ ಕಿತ್ತಳು. ಕೆಳಗಿದ್ದದ್ದನ್ನು ಓದಿ ತಾಯಿಯ ಕಡೆ ತಿರುಗಿದಳು.

"ಮಂಜಂಗೂ ಹಿಂಗೇ ಕಟ್ಟಿದ್ರೇನವ್ವ?"

ಗಂಗಮ್ಮನಿಂದ ಇನ್ನು ಸುಳ್ಳು ಹೇಳಲು ಆಗಲಿಲ್ಲ. "ಹೂಂ ಕಣೆ ತಾಯಿ. ಅವ್ರ ದೊಡ್ಡಪ್ಪ ಕಟ್ಟಿದ" ಎಂದು ಮಂಚದ ಕಂಬಿಗೆ ಹಣೆ ಒತ್ತಿದರು.

ಆಮೇಲೆ ಅವಳು ಅತ್ತದ್ದನ್ನು ನಾನು ಬರೆಯಲಾರೆ. ನರ್ಸುಗಳು ಓಡಿ ಬಂದರು. ನಾನೇ ಅವಳನ್ನು ಕೊಂದೆ ಎಂದುಕೊಂಡು ಮೂಲೆಯಲ್ಲಿ ನಿಂತಿದ್ದೆ. ಬಹಳ ಹೊತ್ತಾದ ಮೇಲೆ ಅವಳ ದನಿ ಕೇಳಿತು.

"ಅವ್ನ ಮಣ್ಣಿಗೆ ಹಾಲುತುಪ್ಪ ಬಿಟ್ರಾ?"

"ಬಿಟ್ರು."

"ನಾನ್ ಬಿಟ್ಟಿಲ್ಲ. ಅವ್ನ ಮಣ್ಣು ಮಾಡಿದ್ ತಾವಕ್ಕೆ ನಡ್ಕೊಂಡು ಹೋಗ್ಬೇಕು ನಾನು. ಪೆನ್ ಕೊಡ್ರಿ ಆಂಟಿ."

ಕಾಲು ಉಳಿಯಿತು, ನಡಿಗೆಯಲ್ಲಿ ಸ್ವಲ್ಪ ಕುಂಟು ಬಂತು. ಹಾಲುತುಪ್ಪದ ಚೊಂಬು ಹಿಡಿದು ಅವಳು ನಡೆದೇ ಹೋದಳೆಂದು ಗಂಗಮ್ಮ ಫೋನಿನಲ್ಲಿ ಹೇಳಿದರು. ಆಮೇಲಿನ ಎರಡು ವರ್ಷ ನಾನು ಚಿತ್ರ ನೋಡದೆ ಒಂದು ಬಲೂನನ್ನೂ ತುಂಬಲಿಲ್ಲ. ಮಾತು ತಿದ್ದಿದರೆ ನಡೆದದ್ದೂ ತಿದ್ದಿ ಹೋಗುತ್ತದೆ ಎಂದುಕೊಂಡಿದ್ದು ನನ್ನ ಕಸುಬಿನ ಅಹಂಕಾರ. ಆ ದಿನ ನನ್ನ ಪೆನ್ನಿನಿಂದ ಮೂರು ಬರಹ ಹೊರಟವು. ಎರಡು ನಾನು ಬರೆದ ತೇಪೆಗಳು. ನಿಜವಾದದ್ದು ಅವಳು ಹಾಕಿದ ಸಹಿ.