ಬೇಲಿಯೊಳಗೆ ಹೋದ ಕಿಟ್ ಕಾರು

ಬೆಳಗ್ಗೆ ಹತ್ತೂಕಾಲು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಆಗಷ್ಟೇ ನಾನು ಮನೆಯವರ ವಾಟ್ಸಾಪ್ ಗುಂಪಿಗೆ ‘ಕಾರು ನೋಡುವ ಶಾಸ್ತ್ರ ಸುಸೂತ್ರವಾಗಿ ಸಾಗಿದೆ’ ಎಂದು ಬರೆದು ಕಳಿಸಿದ್ದೆ. ಮೊನ್ನೆ ಫೋನಿನಲ್ಲಿ ಜಾಗ ಮಾಡಲು ಹಳೆಯದನ್ನೆಲ್ಲ ಅಳಿಸುತ್ತ ಕೂತಾಗ ಅದು ಸಿಕ್ಕಿತು. ಕೆಳಗೆ ಆ ಹೊತ್ತು, ಅದರ ಕೆಳಗೆ ನನ್ನ ಅತ್ತೆಯವರು ಕಳಿಸಿದ ಮುಗಿದ ಕೈಗಳು. ಇಲ್ಲಿಯವರು ಸ್ವಾಹಿಲಿಯಲ್ಲಿ ಹೊತ್ತನ್ನು ಸೂರ್ಯ ಹುಟ್ಟಿದಲ್ಲಿಂದ ಎಣಿಸುವುದರಿಂದ ಗೇಟಿನ ಕಾವಲುಗಾರನ ಪ್ರಕಾರ ಅದು ನಾಲ್ಕೂಕಾಲು. ಯಾವ ಪ್ರಕಾರದಲ್ಲೂ ಅದು ಒಳ್ಳೆಯ ಗಳಿಗೆಯಾಗಿರಲಿಲ್ಲ.

ಕಿಟ್ ಕಾರು ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ. ನನಗೂ ಗೊತ್ತಿರಲಿಲ್ಲ. ಬಟ್ಟೆ ತಂದು ದರ್ಜಿಗೆ ಕೊಟ್ಟು ಅಂಗಿ ಹೊಲಿಸುತ್ತೇವಲ್ಲ, ಹಾಗೆ. ಆದರೆ ಇಲ್ಲಿ ದರ್ಜಿಯೂ ನೀವೇ. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ನೀವು ಮನೆಯಲ್ಲಿ ಕೂತು ಜೋಡಿಸಿಕೊಳ್ಳಬೇಕು. ನಮ್ಮೂರಿನದೇ ಲಂಗಾಟಾ ಬಡಾವಣೆಯ ಫೆಲಿಕ್ಸ್ ಅಂಕಲ್ ತಮ್ಮ ಪ್ರಾಯದಲ್ಲಿ ಹೀಗೊಂದನ್ನು ಜೋಡಿಸಿದ್ದರು. ಮೇಲೆ ಕೆಂಪು ಫೈಬರ್ ಗ್ಲಾಸಿನ ಮೈ, ಕೆಳಗೆ ಯಾವುದೋ ಮುದಿ ಜರ್ಮನ್ ಕಾರಿನ ಇಂಜಿನ್ನು ಮತ್ತು ಚಕ್ರಗಳು. ಸೂರಿಲ್ಲ. ಕೂರಲು ಎರಡೇ ಜನಕ್ಕೆ ಜಾಗ. ಅದರ ಫೋಟೋ ನೋಡಿದ ನಮ್ಮ ಮಗಳು ದಿಯಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು, “ಅಪ್ಪಾ, ಇಟ್ಸ್ ಎ ಬಾತ್‌ಟಬ್” ಎಂದು ತೀರ್ಪು ಕೊಟ್ಟಳು.

ಬೇಕಾಗಿದ್ದದ್ದು ನನ್ನ ಹೆಂಡತಿ ವೀಣಾಗೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು, ಆಮೇಲೆ ದೇಶದೇಶಗಳ ಕುಡಿಯುವ ನೀರಿನ ಬಗ್ಗೆ ವರದಿ ಬರೆಯುತ್ತ ಉಳಿದವಳು. “ನಾನು ಬಿಚ್ಚಿ ಜೋಡಿಸಿದ್ದು ಅಂತ ಇರೋದು ಒಂದು ಮಿಕ್ಸಿ ರೀ. ಅದೂ ಕೆಟ್ಟೋಯ್ತು” ಎನ್ನುತ್ತಿದ್ದಳು. ನಾನು ಭೌತಶಾಸ್ತ್ರ ಓದಿದವನು. ಚಲಿಸುವ ವಸ್ತು ಯಾಕೆ ಚಲಿಸುತ್ತಲೇ ಇರುತ್ತದೆ ಎಂದು ನಿಮಗೆ ಚೆನ್ನಾಗಿ ವಿವರಿಸಬಲ್ಲೆ. ನಿಲ್ಲಿಸುವುದು ಹೇಗೆಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಫೆಲಿಕ್ಸ್ ಅಂಕಲ್ ಮಂಗಳೂರು ಕಡೆಯ ಕ್ರೈಸ್ತರು. ಹೆಂಡತಿಯೊಡನೆ ಕೊಂಕಣಿ, ಕೆಲಸದವರೊಡನೆ ಸ್ವಾಹಿಲಿ, ನಮ್ಮೊಡನೆ ತಮ್ಮ ಶಾಲೆಯ ದಿನಗಳ ಕನ್ನಡ. ಅಂಗಳವಿರುವ ಮನೆ ಬಿಟ್ಟು ಮಗಳ ಫ್ಲ್ಯಾಟಿಗೆ ಹೊರಟಿದ್ದರಿಂದ ಕಾರನ್ನು ಯಾರಿಗಾದರೂ ಮಾರಿ ಕಳಿಸಿಕೊಡಬೇಕಿತ್ತು. ನಾವು ಹೋಗುವಷ್ಟರಲ್ಲಿ ಅದನ್ನು ತೊಳೆದು, ನಾಲ್ಕೂ ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು ಕಾದಿದ್ದರು.

“ಅಯ್ಯೋ ಅಂಕಲ್, ನಾವಿನ್ನೂ ತಗೊಂಡೇ ಇಲ್ಲ!” ಎಂದಳು ವೀಣಾ.

“ತಗೊಳ್ಳುದು ಬಿಡುದು ಮತ್ತೆ ಮಗಾ. ನಿಮ್ಮವರಿಗೆ ನಿಂಬೆಹಣ್ಣು ಬೇಕಲ್ಲ, ನನಗೆ ಗೊತ್ತುಂಟು. ಊರಲ್ಲಿ ನಮ್ಮ ಅಪ್ಪ ಲಾರಿ ತಂದಾಗ ಪಾದ್ರಿಯವರ ತೀರ್ಥ ಆದ ಮೇಲೆ ಡ್ರೈವರ್ ಸಂಕಪ್ಪನ ನಿಂಬೆಹಣ್ಣು. ಎರಡೂ ಇದ್ದರೆ ನಷ್ಟ ಎಂತದು?”

ಡ್ಯಾಶ್‌ಬೋರ್ಡಿನ ಮೇಲೆ ಪ್ರಯಾಣಿಕರನ್ನು ಕಾಯುವ ಸಂತರ ಪುಟ್ಟ ಮೂರ್ತಿಯೊಂದು ಅಂಟಿಕೊಂಡಿತ್ತು. ಸಂತರಿಗೂ ಜೊತೆಗೊಬ್ಬರು ಇರಲೆಂದು ಅದರ ಪಕ್ಕದಲ್ಲಿ ಅಂಕಲ್ ಐದನೆಯ ನಿಂಬೆಹಣ್ಣನ್ನು ಇಟ್ಟಿದ್ದರು. ಹಸಿರು ಕಾಯಿ, ಕಲ್ಲಿನಂತೆ ಗಟ್ಟಿ. ನಮ್ಮ ಸಕಲ ಮತಗಳ ಸಾಮರಸ್ಯಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಸಿಗದೆಂದು ನಾನೊಂದು ಫೋಟೋ ಕೂಡ ತೆಗೆದೆ.

ವೀಣಾ ಸ್ಟೀರಿಂಗಿಗೆ ಕೂತಳು, ಅಂಕಲ್ ಪಕ್ಕಕ್ಕೆ. ನಾಲ್ಕು ಹಣ್ಣುಗಳು ಪಿಚಕ್ಕೆಂದವು. ಅಂಕಲ್ ಮನೆಯಿಂದ ಡಾಂಬರು ರಸ್ತೆಗೆ ಒಂದು ಇಳಿಜಾರು. ನಾನು ಗೇಟಿನಲ್ಲಿ ನಿಂತು ಆ ಸಂದೇಶ ಕಳಿಸಿ ತಲೆಯೆತ್ತಿದೆ. ಕಾರು ಇಳಿಜಾರಿನ ಅರ್ಧದಲ್ಲಿತ್ತು. ವೀಣಾ ಮುಂದಕ್ಕೆ ಬಾಗಿ ಬಾಗಿ ಏನನ್ನೋ ತುಳಿಯುತ್ತಿದ್ದಳು. ಕಾರು ಮಾತ್ರ ನಾನು ಪರೀಕ್ಷೆಯಲ್ಲಿ ಬರೆದ ನಿಯಮವನ್ನು ಅಕ್ಷರಶಃ ಪಾಲಿಸುತ್ತಿತ್ತು.

ಬಲಗಡೆಯಿಂದ ಹಾಡು ಬಡಿಯುತ್ತ ಒಂದು ಮಟಾಟು, ಎಂದರೆ ಇಲ್ಲಿಯ ಖಾಸಗಿ ಮಿನಿಬಸ್ಸು, ಬಂತು. ಅದರ ಮೈಮೇಲೆ ‘ಹರಾಕಾ ಹರಾಕಾ ಹೈನಾ ಬರಾಕಾ’ ಎಂದು ಬಣ್ಣದಲ್ಲಿ ಬರೆದಿತ್ತು. ಅವಸರಕ್ಕೆ ಬರಕತ್ತಿಲ್ಲ ಎಂದು ಅರ್ಥ. ಅದನ್ನು ಬರೆಸಿಕೊಂಡ ವಾಹನ ಎಷ್ಟು ಅವಸರದಲ್ಲಿತ್ತು ಎಂದರೆ, ಬಿಡಿ. ಕೆಂಪು ಕಾರು ಅದರ ಮೂತಿಯ ಮುಂದೆ ಹಾದುಹೋಯಿತು. ಒಂದು ಕ್ಷಣ ಎರಡೂ ಒಂದೇ ಎನ್ನುವಷ್ಟು ಹತ್ತಿರ ಕಂಡವು. ಆಮೇಲೆ ಎದುರಿನ ಮುಳ್ಳುಬೇಲಿ ಕಾರನ್ನು ಒಳಕ್ಕೆ ಎಳೆದುಕೊಂಡಿತು, ಹಿಂಬದಿಯ ದೀಪಗಳಷ್ಟೇ ಹೊರಗುಳಿದವು.

ನಾನು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ. ಬೇಲಿಯೊಳಗಿಂದ ಮೊದಲು ಕೇಳಿಸಿದ್ದು ಅಂಕಲರ ಕೊಂಕಣಿ ಪ್ರಾರ್ಥನೆ, ಆಮೇಲೆ ವೀಣಾಳ ದನಿ: “ರೀ, ಇಂಜಿನ್ ಇನ್ನೂ ಓಡ್ತಾ ಇದೆ, ನೋಡಿ! ಎಷ್ಟು ಗಟ್ಟಿ!”

ಇಬ್ಬರಿಗೂ ಮುಳ್ಳು ಗೀರಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮಟಾಟು ನಿಂತಿತ್ತು. ಅದರ ಕಂಡಕ್ಟರು ಇಳಿದು ಬಂದು “ಪೋಲೆ ಮಾಮಾ, ಪೋಲೆ”, ಅಯ್ಯೋ ಪಾಪ ಅಮ್ಮಾ, ಎಂದು ಅವಳನ್ನು ಸಂತೈಸಿ, ಕಾರಿನೊಳಗೆ ಬಗ್ಗಿ, ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡಿದ್ದ ಐದನೆಯ ನಿಂಬೆಹಣ್ಣನ್ನು ಹೊರತೆಗೆದ. ದೃಷ್ಟಿಯಾಗದಿರಲೆಂದು ಇಟ್ಟದ್ದು ಉರುಳಿ ಬಂದು ತನ್ನ ಕೆಲಸಕ್ಕೆ ಕೂತಿತ್ತು.

“ಹ್ಯಾಂಡ್ ಬ್ರೇಕ್ ಆದರೂ ಎಳೀಬಹುದಿತ್ತಲ್ಲ ಅಂಕಲ್!” ಎಂದೆ.

“ಅದು ಕೆಲಸ ಮಾಡುದಿಲ್ಲ ಮಾರಾಯರೆ. ರಿಪೇರಿ ಮಾಡುವವರಿಗೆ ಎಂತಾದರೂ ಬೇಕಲ್ಲ ಅಂತ ಬಿಟ್ಟದ್ದು.”

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಇಳಿಜಾರು. ನಮ್ಮ ಮನೆಯಿರುವ ಕಿಲಿಮಾನಿಯಿಂದ ಆಫೀಸಿಗೆ ಟ್ಯಾಕ್ಸಿಯಲ್ಲಿ ಹೋಗುವಾಗ ಬಾಗಿಲಿನ ಹಿಡಿಯನ್ನು ನಾನು ಹಿಡಿದ ರೀತಿಗೆ ಚಾಲಕರು “ಸವಾ, ಬಾಸ್?” ಎಂದು ಕನ್ನಡಿಯಲ್ಲಿ ನೋಡುತ್ತಿದ್ದರು. ಸವಾ ಎಂದರೆ ಎಲ್ಲ ಸರಿಯೇ ಎಂದು. ಸರಿಯಿರಲಿಲ್ಲ. ವೀಣಾ ಮಾತ್ರ ಊರಿಗೆ ಫೋನು ಮಾಡಿದಾಗಲೆಲ್ಲ ಆ ಕಥೆಯನ್ನು ಅಭಿನಯದ ಸಮೇತ ಹೇಳಿ ನಗಿಸುತ್ತಿದ್ದಳು. ನನ್ನ ಪಾತ್ರಕ್ಕೆ ಅದರಲ್ಲಿ ಬರಿಗಾಲಿನ ಓಟ ಮಾತ್ರ ಇತ್ತು.

ಕಾರು ಬೇಡವೆನ್ನಲು ನನ್ನ ಬಳಿ ಕಾರಣಗಳಿಗೆ ಬರವಿರಲಿಲ್ಲ. ಮೈ ಸೀಳಿದೆ, ಬಿಡಿಭಾಗ ಸಿಗುವುದಿಲ್ಲ, ಮಳೆಗಾಲಕ್ಕೆ ಸೂರಿಲ್ಲ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸುತ್ತ ಫೋನಿನಲ್ಲಿ ಬಿಡಿಭಾಗಗಳ ಬೆಲೆ ಹುಡುಕುತ್ತಿದ್ದಳು, ಅದೇ ನನಗೆ ಭಯ. ಅಷ್ಟರಲ್ಲಿ ಫೆಲಿಕ್ಸ್ ಅಂಕಲ್ ಫೋನು ಮಾಡಿದರು.

“ಎಂಬಕಸಿಯಿಂದ ಒಬ್ಬ ಬಂದಿದ್ದಾನೆ. ಹೋಟೆಲಿನ ಎದುರು ಇಟ್ಟು ಅದರಲ್ಲಿ ಮಣ್ಣು ತುಂಬಿಸಿ ಹೂವಿನ ಗಿಡ ನೆಡ್ತಾನಂತೆ. ನೀವು ಭಾನುವಾರದ ಒಳಗೆ ಹೇಳಿ, ಆಯ್ತಾ? ನನಗೂ ಮನಸ್ಸು ಬರುದಿಲ್ಲ.”

ಹೂವಿನ ಕುಂಡವಾದ ಕಾರು ಯಾರನ್ನೂ ಕೊಲ್ಲುವುದಿಲ್ಲ ಎಂದು ನಾನು ಒಳಗೊಳಗೇ ಆ ಎಂಬಕಸಿಯವನ ಸಂತಾನವನ್ನು ಹರಸಿದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ವೀಣಾ ಸೋಫಾದಲ್ಲಿ ಮಲಗಿ ನಿದ್ದೆಹೋದಳು. ನಾನು ಕೆಳಗೆ ಕೂತು ಬಟ್ಟೆ ಮಡಿಸುತ್ತಿದ್ದೆ. ಸೋಫಾದ ಕೈ ಕಿರ್ರೆಂದಿತು. ನೋಡಿದರೆ ಅವಳ ಬಲಗಾಲು ಅದನ್ನು ಒತ್ತುತ್ತಿತ್ತು. ಬಿಟ್ಟಿತು, ಮತ್ತೆ ಒತ್ತಿತು. ಮೀನಖಂಡ ಬಿಗಿದು ಹುರಿಗಟ್ಟಿತ್ತು, ಹಣೆಯಲ್ಲಿ ಬೆವರು. ನಗಿಸುವ ಕಥೆಯಲ್ಲಿ ಈ ಭಾಗ ಇರಲಿಲ್ಲ. ನಾನು ಮಡಿಸುತ್ತಿದ್ದ ಅಂಗಿಯನ್ನು ಹಾಗೇ ಹಿಡಿದು ಕೂತೆ.

ಎಚ್ಚರವಾದಾಗ ಕೇಳಿದೆ. ಸುಳ್ಳು ಹೇಳಲು ಅವಳಿಗೆ ಹೊತ್ತು ಸಿಗಲಿಲ್ಲ.

“ದಿನಾ ಅದೇ ಕನಸು ಬರತ್ತೆ ರೀ. ಎಷ್ಟು ಒತ್ತಿದ್ರೂ ಬ್ರೇಕು ಒಳಗೆ ಹೋಗೋದೇ ಇಲ್ಲ.”

“ಮತ್ತೆ ಆ ಶನಿ ಯಾಕೆ ಬೇಕೇ ನಿಂಗೆ?”

“ಒಂದ್ಸಲ ಒತ್ತಿದಾಗ ನಿಲ್ಬೇಕು. ಅಷ್ಟೇ. ಅದ್ರಲ್ಲಿ ಹೂವು ನೆಟ್ಬಿಟ್ರೆ ನಾನು ಇನ್ನೆಲ್ಲಿ ಹೋಗಿ ಒತ್ತಲಿ?”

ನಾನೇ ಅಂಕಲ್‌ಗೆ ಫೋನು ಮಾಡಿದೆ. ಎಂಬಕಸಿಯ ಹೂಗಿಡಗಳಿಗೆ ಬೇರೆ ಜಾಗ ಹುಡುಕಬೇಕಾಯಿತು.

ಆಮೇಲಿನ ವಾರಾಂತ್ಯಗಳೆಲ್ಲ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕಳೆದವು. ಅವಳು ಎಲ್ಲಕ್ಕಿಂತ ಮೊದಲು ಬ್ರೇಕಿಗೆ ಕೈಹಾಕಿದಳು. ನಾನು ಟಾರ್ಚು ಹಿಡಿಯುವವನು. “ಬೆಳಕು ಇಲ್ಲಿ ರೀ, ನನ್ನ ಮುಖಕ್ಕಲ್ಲ!” ಎಂದು ಬೈಸಿಕೊಳ್ಳುತ್ತ ಬೋಲ್ಟಿಗೂ ನಟ್ಟಿಗೂ ಇರುವ ಸಂಬಂಧವನ್ನು ಗೌರವಿಸಲು ಕಲಿತೆ. ಫೈಬರಿನ ಸೀಳು ಮುಚ್ಚಿದ ವಾರ ಇಡೀ ಕಟ್ಟಡ ಉಗುರುಬಣ್ಣದ ಅಂಗಡಿಯಂತೆ ನಾರಿತು, ಮೇಲಿನವರು ದೂರು ಕೊಟ್ಟರು. ಹ್ಯಾಂಡ್ ಬ್ರೇಕ್ ಸರಿಯಾದ ದಿನ ಅವಳು ಪಾಯಸ ಮಾಡಿದಳು.

ಹೋದ ಭಾನುವಾರ ಅದೇ ಇಳಿಜಾರಿಗೆ ಹೋದೆವು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲೂ ಅಂಕಲ್ ಗೇಟಿಗೆ ಬಂದು ನಿಂತರು. ಗೇಟಿನಲ್ಲಿ ನಿಂತು ನೋಡುವ ಕೆಲಸವನ್ನು ಅವರಿಗೇ ಬಿಟ್ಟು ನಾನು ವೀಣಾಳ ಪಕ್ಕದಲ್ಲಿ ಕೂತೆ. ಅರ್ಧದಲ್ಲಿ ಅವಳ ಕಾಲು ಒತ್ತಿತು, ಪೆಡಲೇ ಇಲ್ಲದ ನನ್ನ ಕಡೆಯಲ್ಲಿ ನನ್ನ ಎರಡೂ ಕಾಲುಗಳು ಒತ್ತಿದವು. ಕಾರು ನಿಂತಿತು. ರಸ್ತೆ ಇನ್ನೂ ದೂರವಿತ್ತು. ಅವಳು ನನ್ನ ಕಾಲು ನೋಡಿದಳು, ನಾನು ಅವಳದನ್ನು ನೋಡಿದೆ, ನಗು ತಡೆಯಲಾಗಲಿಲ್ಲ. ಹಿಂದಕ್ಕೆ ಹತ್ತಿಸಿದಳು, ಮತ್ತೆ ಇಳಿಸಿದಳು, ನಿಲ್ಲಿಸಿದಳು. ಮತ್ತೆ, ಮತ್ತೆ.

“ಎಂತ ಮಾರಾಯ್ತಿ, ಸಾಕು! ಬ್ರೇಕ್ ತೇಯ್ದು ಹೋಗ್ತದೆ!” ಎಂದು ಮೇಲಿನಿಂದ ಅಂಕಲ್ ಕೂಗಿದರು.

ಸೋಮವಾರ ಬೆಳಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಗೋಡೆಯನ್ನು ಪೂರ್ತಿ ಹತ್ತಿತ್ತು. ಬಾಗಿಲಲ್ಲಿ ದಿಯಾ ಯೂನಿಫಾರ್ಮಿನಲ್ಲಿ ನಿಂತಿದ್ದಳು. “ಅಪ್ಪಾ, ದ ಸ್ಕೂಲ್ ಬಸ್ ಈಸ್ ಗಾನ್.” ನಾನು ತುಟಿಗೆ ಬೆರಳಿಟ್ಟೆ. ವೀಣಾ ಇನ್ನೂ ಮಲಗಿದ್ದಳು. ಅವಳ ಬಲಗಾಲು ಕಂಬಳಿಯಿಂದ ಹೊರಗೆ ಬಂದು, ಯಾವುದನ್ನೂ ಒತ್ತದೆ, ಮಂಚದ ಅಂಚಿನಿಂದ ಸಡಿಲವಾಗಿ ಇಳಿಬಿದ್ದಿತ್ತು.